ಮೆಕ್‌ಲೌಡ್, ಪುಲಾಸ್ಕಿ, ಮಡಚು ಗರಗಸ: ಕಾಡಿನ ಕಾಲುದಾರಿ ಕೆಲಸಕ್ಕೆ ಯಾವುದು ಮೊದಲು?

ಒಂದೇ ಹತಾರ ಕೊಳ್ಳುವುದಾದರೆ ಮೆಕ್‌ಲೌಡ್ ಕೊಳ್ಳಿ, ಅಂದರೆ ಒಂದು ಕಡೆ ಗುದ್ದಲಿಯ ಬಾಯಿ, ಇನ್ನೊಂದು ಕಡೆ ಹಲ್ಲು ಇರುವ ಉದ್ದ ಕಾವಿನ ಹತಾರ. ಕೊಡಲಿ, ಗುದ್ದಲಿ ಒಂದೇ ತಲೆಯಲ್ಲಿರುವ ಪುಲಾಸ್ಕಿಗೆ ಹೆಸರು ಹೆಚ್ಚು, ನೋಡಲೂ ಚೆಂದ. ಆದರೆ ದಾರಿಯನ್ನು ಕೆಡಿಸುವುದು ನೀರು, ಆ ನೀರನ್ನು ದಾರಿಯಿಂದ ಆಚೆ ಕಳಿಸುವ ಕೆಲಸದಲ್ಲಿ ಮೆಕ್‌ಲೌಡಿಗೆ ಸಮನಾದದ್ದಿಲ್ಲ.

ಕಾಡಿನ ದಾರಿ ದುರಸ್ತಿಗೆ ಸ್ವಯಂಸೇವಕರಾಗಿ ಹೋಗಬಯಸುವ ಅಮೆರಿಕದ ಕನ್ನಡಿಗರಿಗೆ ಈಗ ಈ ಮಾತು ಬೇಕು. 2025ರ ಫೆಬ್ರವರಿಯಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆ ಸುಮಾರು 1,000 ಮಂದಿ ಪ್ರೊಬೇಷನರಿ ನೌಕರರನ್ನು ಕೆಲಸದಿಂದ ತೆಗೆಯಿತು. ಅರಣ್ಯ ಸೇವೆಯಲ್ಲಿ ಕೆಲಸ ಹೋದವರ ಸಂಖ್ಯೆ ಅದಕ್ಕಿಂತ ಹೆಚ್ಚು. ಕೋರ್ಟಿನ ಆದೇಶದಿಂದ ಕೆಲವರು ಮರಳಿದರೂ ಬೇಸಿಗೆಯ ದಾರಿ ಕೆಲಸಕ್ಕೆ ಪೆಟ್ಟು ಬಿದ್ದೇ ಬಿತ್ತು. ಉದ್ಯಾನ ಸೇವೆಯೊಂದರಲ್ಲೇ ಬಾಕಿ ಉಳಿದಿರುವ ದುರಸ್ತಿಯ ಮೊತ್ತ 2,300 ಕೋಟಿ ಡಾಲರಿನ ಆಸುಪಾಸಿನಲ್ಲಿದೆ. ಅದನ್ನು ಕರಗಿಸಲೆಂದು 2020ರ ಕಾಯ್ದೆ ತಂದ ದುರಸ್ತಿ ನಿಧಿಯನ್ನು 5 ವರ್ಷಕ್ಕೆ, 2025ರ ಆರ್ಥಿಕ ವರ್ಷದವರೆಗೆ ಮಾತ್ರ ನಿಗದಿ ಮಾಡಲಾಗಿತ್ತು. ಹಣ ನಿಂತ ವರ್ಷ ಮಳೆ ನಿಲ್ಲುವುದಿಲ್ಲ. ಒಂದು ಚಳಿಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸದಿದ್ದರೆ ಅಲ್ಲಿ ಕೊರಕಲು ಬೀಳುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಆಗ ಕಲ್ಲು, ಮರದ ದಿಮ್ಮಿ ಹೊತ್ತು ತರುವ ಕೆಲಸವಾಗುತ್ತದೆ.

ಕೊಳ್ಳುವ ಮೊದಲು ಒಂದು ಎಚ್ಚರಿಕೆ. ಸ್ವಯಂಸೇವಕರ ತಂಡಗಳು ಸಾಮಾನ್ಯವಾಗಿ ಹತಾರವನ್ನೂ ಹೆಲ್ಮೆಟ್ಟನ್ನೂ ತಾವೇ ಕೊಡುತ್ತವೆ. ಹಾಗಾಗಿ ಮೊದಲ ನಾಲ್ಕೈದು ಸಲ ಗಟ್ಟಿ ಬೂಟು, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಉದ್ದ ಪ್ಯಾಂಟು ಇದ್ದರೆ ಸಾಕು. ಒಂದು ದಾರಿಯ ಹೊಣೆ ಹೊತ್ತು ವರ್ಷಕ್ಕೆ ಹಲವು ಸಲ ಹೋಗುವವರಿಗೆ ಮಾತ್ರ ಸ್ವಂತ ಹತಾರ ಬೇಕು. ಯಾರಿಗೂ ಹೇಳದೆ ಹತಾರ ಹಿಡಿದು ಕಾಡಿಗೆ ಹೋಗಲೇಬಾರದು. ಸರ್ಕಾರಿ ಸ್ವಯಂಸೇವಕ ಒಪ್ಪಂದಕ್ಕೆ ಸಹಿ ಹಾಕಿದ್ದರೆ, ಕೆಲಸದಲ್ಲಿ ಪೆಟ್ಟಾದಾಗ ಫೆಡರಲ್ ಪರಿಹಾರ ಕಾಯ್ದೆಯ ರಕ್ಷಣೆ ಸಿಗುತ್ತದೆ. ಸಹಿ ಇಲ್ಲದೆ ಹೋದರೆ ಆ ರಕ್ಷಣೆ ಇಲ್ಲ, ಮೇಲೆ ದಂಡವೂ ಬೀಳಬಹುದು.

ಮೆಕ್‌ಲೌಡ್ ಹುಟ್ಟಿದ್ದು 1905ರಲ್ಲಿ, ಕ್ಯಾಲಿಫೋರ್ನಿಯಾದ ಸಿಯೆರಾ ರಾಷ್ಟ್ರೀಯ ಅರಣ್ಯದಲ್ಲಿ. ರೇಂಜರ್ ಮಾಲ್ಕಮ್ ಮೆಕ್‌ಲೌಡ್ ಕಾಳ್ಗಿಚ್ಚಿಗೆ ತಡೆಪಟ್ಟಿ ಮಾಡಲೆಂದು ಇದನ್ನು ರೂಪಿಸಿದ. ಅಗಲವಾದ ಉಕ್ಕಿನ ತಲೆ, ಒಂದು ಕಡೆ ಗುದ್ದಲಿಯ ಹಾಗೆ ಹರಿತ ಬಾಯಿ, ಇನ್ನೊಂದು ಕಡೆ ಆರೇಳು ದಪ್ಪ ಹಲ್ಲು. ಕಾವು ಸುಮಾರು 48 ಇಂಚು. ಹಲ್ಲಿನಿಂದ ತರಗೆಲೆ, ಸಣ್ಣ ಕಲ್ಲು ಎಳೆಯಬಹುದು, ಬಾಯಿಂದ ಮಣ್ಣು ಕೆರೆಯಬಹುದು, ತಲೆಯ ಚಪ್ಪಟೆ ತಳದಿಂದ ಮಣ್ಣು ದಮ್ಮಸು ಮಾಡಬಹುದು.

ಇದರ ನಿಜವಾದ ಬೆಲೆ ತಿಳಿಯುವುದು ಓರೆ ಅಳೆಯುವಾಗ. ಬೆಟ್ಟದ ಮಗ್ಗುಲಲ್ಲಿ ಹೋಗುವ ದಾರಿ ಸಮತಟ್ಟಾಗಿರಬಾರದು. ಕಣಿವೆಯ ಕಡೆಗೆ 3ರಿಂದ 5 ಶೇಕಡಾ ವಾಲಿರಬೇಕು, ಆಗ ಬಿದ್ದ ನೀರು ತೆಳುವಾಗಿ ಹರಡಿ ಹೊರಗೆ ಜಾರುತ್ತದೆ. ತಲೆಯ ಚಪ್ಪಟೆ ತಳ ನೆಲಕ್ಕೆ ಕೂರುವಂತೆ ಮೆಕ್‌ಲೌಡನ್ನು ದಾರಿಯಲ್ಲಿ ನಿಲ್ಲಿಸಿ, ಕೈಬಿಟ್ಟು, ದಾರಿಯುದ್ದಕ್ಕೆ ಹಿಂದೆ ಸರಿದು ನೋಡಿ. 5 ಶೇಕಡಾ ಓರೆ ಇದ್ದರೆ 48 ಇಂಚಿನ ಕಾವಿನ ತುದಿ ಕಣಿವೆಯ ಕಡೆಗೆ ಎರಡೂವರೆ ಇಂಚಿನಷ್ಟು ವಾಲಿರುತ್ತದೆ. ನೆಟ್ಟಗಿದ್ದರೆ ಇನ್ನೂ ಕೆರೆಯಬೇಕು. ಬೆಟ್ಟದ ಕಡೆಗೆ ವಾಲಿದರೆ ಆ ದಾರಿ ಈಗಾಗಲೇ ಕಾಲುವೆಯಾಗಿದೆ ಎಂದೇ ಅರ್ಥ. ತಳ ಸಮನಾಗಿದ್ದರೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ. ಆದ್ದರಿಂದ ಅಂಗಡಿಯಲ್ಲೇ ತಲೆಯನ್ನು ತಿರುಗಿಸಿ ನೋಡಿ. ಕೆಲವು ಮಾದರಿಗಳಲ್ಲಿ ಬೋಲ್ಟಿನ ತಲೆ ತಳದಿಂದ ಹೊರಗೆ ಉಬ್ಬಿರುತ್ತದೆ. ಅಂಥದ್ದು ನೆಟ್ಟಗೆ ನಿಲ್ಲುವುದಿಲ್ಲ, ದಮ್ಮಸು ಮಾಡಿದಲ್ಲೆಲ್ಲ ಕುಳಿ ಬೀಳುತ್ತದೆ. ಅದನ್ನು ಬಿಟ್ಟುಬಿಡಿ. ಕಾವಿನ ಮೇಲೆ 12, 24, 36 ಇಂಚಿಗೆ ಗುರುತು ಹಾಕಿಕೊಂಡರೆ ಅಗಲ ಅಳೆಯಲು ಬೇರೆ ಟೇಪು ಬೇಡ.

ದಾರಿ ಕೆಡುವ ಬಗೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕಾಲು ತುಳಿದು ತುಳಿದು ನಡುವೆ ತಗ್ಗಾಗುತ್ತದೆ, ಹೊರ ಅಂಚಿನಲ್ಲಿ ಮಣ್ಣು ಒಡ್ಡಿನ ಹಾಗೆ ಏಳುತ್ತದೆ, ಒಳ ಅಂಚಿಗೆ ಬೆಟ್ಟದಿಂದ ಜಾರಿದ ಮಣ್ಣು ಬಂದು ಕೂರುತ್ತದೆ. ನೀರಿಗೆ ಹೊರಗೆ ಹೋಗಲು ದಾರಿಯಿಲ್ಲದೆ ದಾರಿಯುದ್ದಕ್ಕೇ ಓಡುತ್ತದೆ. ಇದಕ್ಕೆ ಮದ್ದು, ಹೊರಗಿನ ಒಡ್ಡನ್ನು ಒಡೆದು ಗಟ್ಟಿ ಮಣ್ಣನ್ನು ನಡುವಿನ ತಗ್ಗಿಗೆ ಎಳೆದು ದಮ್ಮಸು ಮಾಡುವುದು. ತರಗು, ಬೇರು, ಕೊಳೆತ ಎಲೆ ಬೆರೆತ ಕಪ್ಪು ಮಣ್ಣನ್ನು ಮಾತ್ರ ತಗ್ಗಿಗೆ ಹಾಕಬಾರದು. ಅದು ನೀರು ಕುಡಿದು ಮೊದಲ ಮಳೆಗೇ ಕೆಸರಾಗುತ್ತದೆ. ಅದನ್ನು ಕೆಳಗೆ ದೂರಕ್ಕೆ ಚೆಲ್ಲಿ.

ಬಸಿಗಾಲುವೆಯ ಬಾಯನ್ನು ಸಲಿಕೆಯಗಲಕ್ಕೆ ಬಿಡಿಸಿ ಮುಂದೆ ಹೋಗುವುದು ಹೊಸಬರ ತಪ್ಪು. ಅದು ಒಂದೇ ಮಳೆಗೆ ಕಟ್ಟಿಕೊಳ್ಳುತ್ತದೆ. ಕನಿಷ್ಠ ಎರಡು ಮೂರು ಅಡಿ ಅಗಲ ಬೇಕು, ತಳ ಹೊರಗೆ ಇಳಿಯುತ್ತಲೇ ಹೋಗಬೇಕು. ಅಡ್ಡ ದಿಮ್ಮಿ ಹಾಕಿ ನೀರು ತಿರುಗಿಸಿರುವ ಕಡೆ ಆ ದಿಮ್ಮಿ ದಾರಿಗೆ ಸುಮಾರು 45 ಡಿಗ್ರಿ ಓರೆಯಾಗಿರಬೇಕು. ನೇರ ಅಡ್ಡ ಇಟ್ಟರೆ ನೀರು ಅಲ್ಲೇ ನಿಂತು ಹೂಳು ಬಿಡುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮೊದಲು ಕಾಲುವೆ ಬಿಡಿಸಿದವರ ಕೈಗೆ ಈ ಲೆಕ್ಕ ತಾನಾಗಿಯೇ ಹತ್ತುತ್ತದೆ.

ಮೆಕ್‌ಲೌಡಿನ ದೋಷ ಹೊರುವುದರಲ್ಲಿದೆ. ಅಗಲ ತಲೆ ಪೊದೆಗೆ ಸಿಕ್ಕಿಕೊಳ್ಳುತ್ತದೆ, ಬೆನ್ನುಚೀಲಕ್ಕೆ ಕಟ್ಟಲು ಬರುವುದಿಲ್ಲ. ಕಲ್ಲು ನೆಲದಲ್ಲೂ ಅಷ್ಟಕ್ಕಷ್ಟೆ. ನೆಲದ ಮೇಲೆ ಇಡುವಾಗ ಹಲ್ಲು ಕೆಳಮುಖವಾಗಿರಲೇಬೇಕು. ಮೇಲ್ಮುಖವಾಗಿದ್ದರೆ ಯಾರಾದರೂ ತುಳಿದಾಗ ಹಲ್ಲು ಕಾಲಿಗೆ, ಕಾವು ಮುಖಕ್ಕೆ.

ಪುಲಾಸ್ಕಿ ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಅಡ್ಡ ಬಾಯಿಯ ಗುದ್ದಲಿ. 1910ರ ಮಹಾ ಕಾಳ್ಗಿಚ್ಚಿನಲ್ಲಿ ಐಡಾಹೋದ ಗಣಿ ಸುರಂಗವೊಂದಕ್ಕೆ ತನ್ನ ಆಳುಗಳನ್ನು ನುಗ್ಗಿಸಿ ಹೆಚ್ಚಿನವರ ಜೀವ ಉಳಿಸಿದ ರೇಂಜರ್ ಎಡ್ ಪುಲಾಸ್ಕಿಯ ಹೆಸರು ಇದಕ್ಕೆ. ತಲೆಯ ತೂಕ ಮೂರೂವರೆ ಪೌಂಡಿನ ಆಸುಪಾಸು, ಹಿಕರಿ ಮರದ 36 ಇಂಚಿನ ಕಾವು. ದಾರಿಗೆ ಅಡ್ಡ ಬಂದ ಬೇರು ಕಡಿಯಲು, ಬೆಟ್ಟದ ಮಗ್ಗುಲು ಅಗೆದು ಹೊಸ ದಾರಿ ಮಾಡಲು ಇದು ಬೇಕೇ ಬೇಕು. ಬರೀ ಕಲ್ಲಿರುವ ಕಡೆ ತರಬೇಡಿ, ಒಂದು ಬೆಳಗ್ಗೆಯಲ್ಲಿ ಬಾಯಿ ಹಾಳಾಗುತ್ತದೆ. ಅಲ್ಲಿಗೆ ಪಿಕಾಸಿಯೇ ಸರಿ. ಕೊಡಲಿಯ ಬಾಯನ್ನು ಎಂದೂ ಮಣ್ಣಿಗೆ ತಾಗಿಸಬೇಡಿ. ಗುದ್ದಲಿ ಬಾಯಿಂದ ಅಗೆಯುವಾಗ ಕೊಡಲಿಯ ಬಾಯಿ ನಿಮ್ಮ ಕಡೆಗೇ ತಿರುಗಿರುತ್ತದೆ ಎಂಬುದನ್ನು ಮರೆಯಬೇಡಿ. ಹೆಗಲಿಗಿಂತ ಮೇಲೆ ಎತ್ತಬಾರದು. ಕೆಲಸ ಮಾಡುವ ಇಬ್ಬರ ನಡುವೆ 10 ಅಡಿ ಇರಲಿ. ನಡೆಯುವಾಗ ಬಾಯಿಗೆ ಕವಚ ಹಾಕಿ, ತಲೆಯ ಹತ್ತಿರ ಹಿಡಿದು, ಇಳಿಜಾರಿನ ಕಡೆಯ ಕೈಯಲ್ಲಿ ಒಯ್ಯಿರಿ. ಜಾರಿದರೆ ಹತಾರವನ್ನು ಕೆಳಗೆ ಎಸೆಯಬಹುದು. ಹೆಗಲ ಮೇಲೆ ಬೇಡ.

ಕೊಳ್ಳುವಾಗ ಕಾವಿನ ತುದಿ ನೋಡಿ. ಮರದ ಎಳೆಗಳು ಕೊಡಲಿಯ ಬಾಯಿಗೆ ನೇರಕ್ಕೆ ಸಾಗಿರಬೇಕು. ಅಡ್ಡ ಎಳೆಯ ಕಾವು ಬೇರಿನಲ್ಲಿ ಸಿಕ್ಕು ಮೀಟಿದಾಗ ಸೀಳುತ್ತದೆ. ನಾರ್ತ್ ಕ್ಯಾರೊಲೈನಾದ ಕೌನ್ಸಿಲ್ ಟೂಲ್ ಕಂಪನಿ 1886ರಿಂದ ಇದೇ ಕಸುಬಿನಲ್ಲಿದೆ, ಅವರ ಪುಲಾಸ್ಕಿಯನ್ನು ಧೈರ್ಯವಾಗಿ ಕೊಳ್ಳಬಹುದು. ಹೊಸತಾಗಿ ಬಂದಾಗ ಬಾಯಿ ಮೊಂಡಾಗಿದ್ದರೆ ಅಚ್ಚರಿ ಬೇಡ. 10 ಇಂಚಿನ ಅರ ತಂದು, ಮೊದಲಿದ್ದ ಓರೆಯನ್ನೇ ಹಿಡಿದು, ಮುಂದಕ್ಕೆ ಮಾತ್ರ ಉಜ್ಜಿ. ಹಿಂದಕ್ಕೆ ತರುವಾಗ ಅರವನ್ನು ಎತ್ತಬೇಕು, ಇಲ್ಲವಾದರೆ ಅರದ ಹಲ್ಲೇ ಸವೆಯುತ್ತದೆ.

ಮಡಚು ಗರಗಸದಲ್ಲಿ ಜಪಾನಿನ ಸಿಲ್ಕಿ ಚೆನ್ನಾಗಿದೆ. 360 ಮಿಲಿಮೀಟರಿನ ಬಿಗ್‌ಬಾಯ್ ಎರಡು ಕೈಯಲ್ಲೂ ಹಿಡಿಯಲು ಬರುತ್ತದೆ. ಇದು ಎಳೆಯುವಾಗ ಮಾತ್ರ ಕೊಯ್ಯುವ ಗರಗಸ. ನಮ್ಮ ಗರಗಸದ ರೂಢಿಯಲ್ಲಿ ತಳ್ಳುವಾಗ ಒತ್ತಿದರೆ ತೆಳು ಅಲಗು ಬಗ್ಗಿ ಮುರಿಯುತ್ತದೆ. ಕೊಂಬೆಯನ್ನು ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಕೊಯ್ಯಿರಿ, ತೊಗಟೆ ಸೀಳುವುದಿಲ್ಲ. ಕೊಯ್ದದ್ದನ್ನು ಬುಡ ದಾರಿಯಿಂದ ಆಚೆ ಇರುವಂತೆ ಕಣ್ಣಿಗೆ ಬೀಳದ ಕಡೆ ಎಳೆದುಹಾಕಿ. ದಪ್ಪ ಮರ ಅಡ್ಡ ಬಿದ್ದಿದ್ದರೆ, ಅದರಲ್ಲೂ ಬಿಲ್ಲಿನ ಹಾಗೆ ಬಾಗಿ ನಿಂತಿದ್ದರೆ, ಮುಟ್ಟಬೇಡಿ. ಕೊಯ್ದ ಕ್ಷಣ ಅದು ಯಾವ ಕಡೆ ಸಿಡಿಯುತ್ತದೋ ಹೇಳಲಾಗದು. ಫೋಟೊ, ಜಿಪಿಎಸ್ ಗುರುತು, ಅಂದಾಜು ಸುತ್ತಳತೆ ಬರೆದು ತಂಡದ ಮುಖ್ಯಸ್ಥರಿಗೆ ಕಳಿಸಿ. ಅರಣ್ಯ ಸೇವೆಯ ನೆಲದಲ್ಲಿ ಚೈನ್‌ಸಾ ಹಿಡಿಯಲು ಪ್ರಮಾಣಪತ್ರ ಬೇಕು. 1964ರ ಕಾಯ್ದೆಯಡಿ ವೈಲ್ಡರ್ನೆಸ್ ಎಂದು ಘೋಷಿಸಿದ ಕಾಡಿನಲ್ಲಿ ಸಾಮಾನ್ಯವಾಗಿ ಮೋಟಾರಿನ ಗರಗಸಕ್ಕೆ ಅವಕಾಶವೇ ಇಲ್ಲ.

ಮನೆಗೆ ಬಂದ ಮೇಲೆ ಮಣ್ಣು ಒರೆಸಿ, ಕಾವಿನ ವಾರ್ನಿಷ್ ಇದ್ದರೆ ಉಪ್ಪುಕಾಗದದಿಂದ ತೆಗೆದು ಅಗಸೆ ಎಣ್ಣೆ ಹಚ್ಚಿ. ತಲೆ ಸಡಿಲವಾದರೆ ನೀರಿನಲ್ಲಿ ನೆನೆಸಿಡಬೇಡಿ. ಮರ ಉಬ್ಬಿ ಬಿಗಿಯಾದಂತೆ ಕಂಡರೂ ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ. ಹೊಸ ಬೆಣೆ ಹೊಡೆಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಗ್ಯಾರೇಜಿನ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಹರಡಿ ಪೂರ್ತಿ ಒಣಗಲು ಬಿಡಿ.