ಪೆನ್ಷನ್ ಮೊಹಲ್ಲಾದ ಅರೇಬಿಕ್ ಕ್ಲಾಸು: 1973ರ ಯುದ್ಧನ ಈಜಿಪ್ಟ್ ಜನರಲ್‌ಗಳ ಬಾಯಿಂದಾನೇ ಕೇಳ್ಬೇಕು ಅನ್ನೋರಿಗೆ

ಹಾಸನದಲ್ಲಿ ಅರೇಬಿಕ್ ಕ್ಲಾಸು ಅಂದ್ರೆ ಗಲ್ಫ್ ಕೆಲಸಕ್ಕೆ ಹೋಗೋರಿಗೆ ಮಾತಾಡೋದು ಕಲಿಸ್ತಾರೆ ಅಂತಾನೇ ಎಲ್ರೂ ಅಂದ್ಕೊಳ್ಳೋದು, ಆದ್ರೆ ಪೆನ್ಷನ್ ಮೊಹಲ್ಲಾದಲ್ಲಿ ಭಾನುವಾರ ಬೆಳಿಗ್ಗೆ ನಡೆಯೋ ಈ ಕ್ಲಾಸೇ ಬೇರೆ. ಉಸ್ತಾದರು ಈಜಿಪ್ಟ್, ಸಿರಿಯಾ ಸೇರಿ ಇಸ್ರೇಲ್ ವಿರುದ್ಧ ಮಾಡಿದ 1973ರ ಅಕ್ಟೋಬರ್ ಯುದ್ಧದ ಬಗ್ಗೆ ಈಜಿಪ್ಟಿನವರೇ ಬರೆದಿರೋದನ್ನ ಅರೇಬಿಕ್‌ನಲ್ಲೇ ಓದಿಸ್ತಾರೆ. ಯುದ್ಧದ ಇತಿಹಾಸ ಅಂದ್ರೆ ಪ್ರಾಣ ಬಿಡೋರು ಯಾರಾದ್ರೂ ಹಾಸನ ಸುತ್ತಮುತ್ತ ಇದ್ರೆ ದಯವಿಟ್ಟು ಸೇರ್ಕೊಳ್ಳಿ.

ನಂಗೆ ತುಂಬಾ ಹಿಡಿಸಿದ್ದು ಅವ್ರು ಓದಿಸೋ ರೀತಿ. ಒಂದೇ ಘಟನೆ ಬಗ್ಗೆ ಇಬ್ರು ಮೂವರು ಬರೆದಿರೋದನ್ನ ಪಕ್ಕಪಕ್ಕ ಇಟ್ಟು ಓದಿಸ್ತಾರೆ. ಯುದ್ಧದಲ್ಲಿ ಈಜಿಪ್ಟ್ ಸೇನೆಯ ಚೀಫ್ ಆಫ್ ಸ್ಟಾಫ್ ಆಗಿದ್ದೋರು ಸಅದ್ ಅಲ್ ಶಾಜ್ಲಿ. ಸೂಯೆಜ್ ಕಾಲುವೆ ದಾಟಿ, ಇಸ್ರೇಲ್ ಕೈಲಿದ್ದ ಪೂರ್ವ ದಡದಲ್ಲಿ ನಮ್ಮ ಕ್ಷಿಪಣಿಗಳ ರಕ್ಷಣೆ ಎಲ್ಲಿವರೆಗೆ ಇದ್ಯೋ ಅಲ್ಲೇ ನಿಲ್ಬೇಕು, ಅಂದ್ರೆ ಹತ್ತು ಹನ್ನೆರಡು ಕಿಲೋಮೀಟರ್, ಅದಕ್ಕಿಂತ ಮುಂದೆ ಹೋದ್ರೆ ಇಸ್ರೇಲಿ ವಿಮಾನಗಳ ಬಾಯಿಗೆ ಬಿದ್ದಂಗೆ ಅನ್ನೋದು ಅವರ ವಾದ. ಆದ್ರೆ ಸಿರಿಯಾ ಮೇಲಿನ ಒತ್ತಡ ಕಮ್ಮಿ ಮಾಡ್ಬೇಕು ಅಂತ ಈಜಿಪ್ಟ್ ಅಧ್ಯಕ್ಷ ಸಾದಾತ್ ಮುಂದೆ ನುಗ್ಗೋಕೆ ಹೇಳಿದ್ರು, ಅಕ್ಟೋಬರ್ 14ರ ಒಂದೇ ದಿನ ಈಜಿಪ್ಟಿನ ಸುಮಾರು 250 ಟ್ಯಾಂಕ್ ಹೋಯ್ತು, ಮರುದಿನ ರಾತ್ರಿನೇ ಇಸ್ರೇಲಿನವರು ದೆವೆರ್ಸ್ವಾರ್ ಹತ್ರ ಕಾಲುವೆ ದಾಟಿ ಪಶ್ಚಿಮ ದಡಕ್ಕೆ, ಈಜಿಪ್ಟ್ ಕಡೆಗೇ ಬಂದ್ಬಿಟ್ರು. ಆಗ ಶಾಜ್ಲಿ ಪೂರ್ವ ದಡದಿಂದ ನಾಲ್ಕು ಬ್ರಿಗೇಡ್ (ದೊಡ್ಡ ಸೇನಾ ತುಕಡಿ) ವಾಪಸ್ ತರೋಣ ಅಂದ್ರು, ಸಾದಾತ್ ಒಪ್ಪಲಿಲ್ಲ.

ಇದಾದ್ಮೇಲೆ ಸಾದಾತ್ ತಮ್ಮ ಆತ್ಮಕಥೆಯಲ್ಲಿ ಶಾಜ್ಲಿ ಯುದ್ಧಭೂಮಿಯಿಂದ ಮಾನಸಿಕವಾಗಿ ಕುಸಿದು ಹೋಗಿ ವಾಪಸ್ ಬಂದ ಅಂತ ಬರೀತಾರೆ, ಶಾಜ್ಲಿ ಅದು ಸುಳ್ಳು ಅಂತಾರೆ. ಈಗ ಯಾರನ್ನ ನಂಬೋದು? ಉಸ್ತಾದರು ಆಮೇಲೆ ಅಲ್ ಗಮಸಿ ಬರೆದಿರೋ ಪುಟ ತೆಗೀತಾರೆ. ಗಮಸಿ ಆಪರೇಶನ್ಸ್ ಮುಖ್ಯಸ್ಥರು, ಶಾಜ್ಲಿನ ತೆಗೆದ್ಮೇಲೆ ಅದೇ ಕುರ್ಚಿಲಿ ಕೂತೋರು, ಬ್ರಿಗೇಡ್ ವಾಪಸ್ ತರೋ ವಿಷಯದಲ್ಲಿ ಸಾದಾತ್ ಪರ ಇದ್ದೋರು. ಅಂಥೋರೇ ನಾನು ಶಾಜ್ಲಿ ಜೊತೆಗಿದ್ದೆ, ಅವರು ಕುಸಿದಿರಲಿಲ್ಲ ಅಂತ ಬರೀತಾರೆ. ನಾನು ಅವತ್ತಿಂದ ಆ ಪುಟಾನ ಎಷ್ಟು ಸಲ ಓದಿದೀನೋ. ಅರಬರ ಕಡೆ ಅಂತ ನಾವು ಒಂದೇ ಗಂಟು ಕಟ್ಟಿ ಇಡ್ತೀವಲ್ಲ, ಅದರೊಳಗೆ ಇಷ್ಟು ಜಗಳ ಇದೆ, ಇಷ್ಟು ಪ್ರಾಮಾಣಿಕತೆನೂ ಇದೆ. ಈಜಿಪ್ಟಿನ ಮಿಲಿಟರಿ ದಾಖಲೆಗಳು ಬಹುಪಾಲು ಹೊರಗಿನೋರಿಗೆ ಸಿಗಲ್ಲ, ಹಾಗಾಗಿ ಇಂಥ ಆತ್ಮಕಥೆಗಳೇ ದೊಡ್ಡ ಆಧಾರ. ಶಾಜ್ಲಿಗಂತೂ ಬರೆದಿದ್ದಕ್ಕೇ ಶಿಕ್ಷೆ ಆಯ್ತು, 1992ರಲ್ಲಿ ದೇಶಕ್ಕೆ ವಾಪಸ್ ಬಂದಾಗ ಜೈಲಿಗೆ ಹಾಕಿದ್ರು. ತೀರ್ಕೊಂಡಿದ್ದು 2011ರ ಫೆಬ್ರವರಿ 10, ಅಧ್ಯಕ್ಷ ಮುಬಾರಕ್ ಅಧಿಕಾರದಿಂದ ಇಳಿಯೋ ಹಿಂದಿನ ದಿನ.

ಕಾಲುವೆ ದಡದಲ್ಲಿ ಇಸ್ರೇಲ್ ಕಟ್ಟಿದ್ದ ಮರಳಿನ ಗೋಡೆನ ಈಜಿಪ್ಟಿನವರು ನೀರು ಹೊಡೆದು ಕರಗಿಸಿದ್ದು, ಆ ಐಡಿಯಾ ಕೊಟ್ಟ ಬಾಕಿ ಝಕಿ ಅಸ್ವಾನ್ ಡ್ಯಾಮಲ್ಲಿ ಕೆಲಸ ಮಾಡಿದ್ದ ಇಂಜಿನಿಯರ್ ಅನ್ನೋದು, ಇದೆಲ್ಲಾನೂ ಓದಿಸ್ತಾರೆ. ನಮ್ಮ ಡ್ಯಾಮ್ ಇರೋ ಗೊರೂರು ಕಡೆಯೋರು ಒಬ್ಬರು ಅದನ್ನ ಕೇಳಿ ಆಮೇಲೂ ಅರ್ಧ ಗಂಟೆ ಎದ್ದೇಳಲಿಲ್ಲ.

ಕೊರತೆನೂ ಇದೆ. ಜೆರಾಕ್ಸ್ ಮಸುಕು, ಚುಕ್ಕೆ ಕಾಣದೆ ಇದ್ರೆ ಅರೇಬಿಕ್‌ನಲ್ಲಿ ಬ ಯಾವ್ದು ತ ಯಾವ್ದು ಗೊತ್ತಾಗಲ್ಲ. ಮ್ಯಾಪ್ ಇಲ್ಲವೇ ಇಲ್ಲ, ಯುದ್ಧದ ಪಾಠಕ್ಕೆ ಇದು ದೊಡ್ಡ ತಪ್ಪು. ಮದರಸದಲ್ಲಿ ಕಲಿತ ಹುಡುಗರು ಸರಾಗವಾಗಿ ಓದ್ತಾರೆ ಆದ್ರೆ ಅರ್ಥಕ್ಕೆ ಕಾಯ್ತಾರೆ, ನಮ್ಮಂಥೋರು ಅಕ್ಷರಕ್ಕೇ ತಡವರಿಸ್ತೀವಿ, ಎರಡು ಬ್ಯಾಚ್ ಮಾಡಿದ್ರೆ ಒಳ್ಳೇದು. ಯುದ್ಧದಲ್ಲಾದ ಲೋಪಗಳ ಬಗ್ಗೆ ಇಸ್ರೇಲ್ ಮಾಡಿಸಿದ ತನಿಖೆ, ಅಂದ್ರೆ ಅಗ್ರಾನಾಟ್ ಆಯೋಗದ ವರದಿನೂ ಸ್ವಲ್ಪ ಸೇರಿಸ್ಬೇಕು.

ಸೇರೋ ಮುಂಚೆ ಅಕ್ಷರ ಕಲ್ತ್ಕೊಂಡು ಹೋಗಿ. ಅರೇಬಿಕ್ ಡಿಕ್ಷನರಿಲಿ ಸಾಮಾನ್ಯವಾಗಿ ಪದಗಳು ಧಾತು (ಮೂಲ ಅಕ್ಷರಗಳು) ಪ್ರಕಾರ ಇರ್ತವೆ, ಮಕ್ತಬ್ ಅನ್ನೋ ಪದದ ಧಾತು ಕ-ತ-ಬ, ಹಾಗಾಗಿ ಅದನ್ನ ಕ ಅಕ್ಷರದಲ್ಲಿ ಹುಡುಕ್ಬೇಕು, ಅದನ್ನ ಮೊದಲ ದಿನಾನೇ ಉಸ್ತಾದರ ಹತ್ರ ಕೇಳಿ ತಿಳ್ಕೊಳ್ಳಿ. ಯುದ್ಧ ನಡೆದ ಸಿನಾಯ್ ಪ್ರದೇಶದ ಮ್ಯಾಪ್ ಒಂದು ನೀವೇ ಪ್ರಿಂಟ್ ಹಾಕಿಸ್ಕೊಂಡು ಹೋಗಿ.