ಮೊಮ್ಮಗಳ ಬೆರಳು ಹಿಡಿಸುವ ಪುಸ್ತಕ

ಶಿರಸಿಗೆ ಪಾರ್ಸೆಲ್ ಬಂದಾಗ ಪುಸ್ತಕದ ಒಂದು ಮೂಲೆ ಮಡಚಿಹೋಗಿತ್ತು, ಬೇಜಾರಾಯಿತು. ಪುಟ ತೆರೆದ ಮೇಲೆ ಅದು ಮರೆತೇಹೋಯಿತು. ಎರಿಕ್ ಕಾರ್ಲ್ ತಾವೇ ಬರೆದು ಚಿತ್ರಿಸಿದ, 1969ರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್', ದಪ್ಪ ರಟ್ಟಿನ ಆವೃತ್ತಿ. ಹುಳ ತಿಂದ ಹಣ್ಣಿಗೆಲ್ಲ ನಿಜವಾದ ತೂತು! ಕಾಗದಕ್ಕೆ ಪಂಚ್ ಹೊಡೆಯುವಾಗ ಅವರಿಗೆ ಹೊಳೆದದ್ದು ಇದು. ಮೂರು ವರ್ಷದ ಮೊಮ್ಮಗಳು ಅದರೊಳಗೆ ಕಿರುಬೆರಳು ತೂರಿಸಿ, "ಅಮ್ಮಮ್ಮಾ, ಹುಳ ಈಚೆಗೆ ಬಂತು!" ಅನ್ನುತ್ತಾಳೆ. ದಿನಕ್ಕೆ ಹತ್ತು ಸಲ.

ಬಣ್ಣಗಳನ್ನು ಹತ್ತಿರದಿಂದ ನೋಡಿ. ತೆಳು ಟಿಶ್ಯೂ ಕಾಗದಕ್ಕೆ ತಾವೇ ಬಣ್ಣ ಬಳಿದು, ಕತ್ತರಿಸಿ, ಅಂಟಿಸುತ್ತಿದ್ದರು. ಹುಳದ ಹಸಿರಿನಲ್ಲಿ ಬ್ರಷ್ ಎಳೆದ ಗೆರೆ ಈಗಲೂ ಕಾಣುತ್ತದೆ. ಅಮೆರಿಕದಲ್ಲಿ ಹುಟ್ಟಿ, ಯುದ್ಧಕಾಲದ ಜರ್ಮನಿಯಲ್ಲಿ ಬೆಳೆದ ಮನುಷ್ಯ ಮಕ್ಕಳಿಗೆ ಇಷ್ಟು ಬಣ್ಣ ಕೊಟ್ಟರಲ್ಲ, ನನಗೆ ಅದೇ ದೊಡ್ಡದು. 2021ರಲ್ಲಿ ತೀರಿಕೊಂಡರು.

ಒಂದೇ ತಕರಾರು. ಪುಸ್ತಕದ ಹುಳ ಗೂಡು ಕಟ್ಟಿ, ಅದನ್ನು ಕೊರೆದು ಚಿಟ್ಟೆಯಾಗುತ್ತದೆ. ನಮ್ಮ ಹಿತ್ತಲ ಕರಿಬೇವಿನ ಹುಳ ರೇಷ್ಮೆಗೂಡು ಕಟ್ಟುವುದಿಲ್ಲ, ಬರೀ ಕೋಶವಾಗಿ ಕಡ್ಡಿಗೆ ಅಂಟಿಕೊಳ್ಳುತ್ತದೆ. ಅವಳನ್ನು ಎತ್ತಿಕೊಂಡು ಹೋಗಿ ಗಿಡದಲ್ಲೇ ತೋರಿಸಿದೆ.