ಧಾರವಾಡ ಕೋರ್ಟ್ ಹತ್ತಿರದ ಝೆರಾಕ್ಸ್ ಅಂಗಡಿ: ನಾಲ್ಕು ಸ್ಟಾರ್

ಜಾಗ ಚಿಕ್ಕದು, ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲೇ. ಪ್ರಿಂಟ್ ಸ್ವಲ್ಪ ಮಸುಕು. ಚಿಲ್ಲರೆ ಇಲ್ಲ ಅಂದ್ರೆ ಅಂಗಡಿಯ ಕಾಕಾ ಮುಖ ಗಂಟು ಹಾಕುತ್ತಾರೆ. ಆದರೂ ಕೇಸ್ ಮುಂದಕ್ಕೆ ಹೋದಾಗ ಅದು ಯಾಕೆ ಹೋಯಿತು ಅಂತ ಬಿಡಿಸಿ ಹೇಳುವ ಝೆರಾಕ್ಸ್ ಅಂಗಡಿ ನಾನು ಬೇರೆ ನೋಡಿಲ್ಲ.

ಪ್ರತಿ ಕೇಸಿಗೂ ಬೇರೆಬೇರೆಯಾಗಿರುವ 16 ಅಕ್ಷರದ ಸಿಎನ್‌ಆರ್ ನಂಬರ್ ಕೊಟ್ಟರೆ ಸಾಕು. ಕಾಕಾ ಕೇಸುಗಳ ವಿವರ ತೋರಿಸುವ ಇ-ಕೋರ್ಟ್ಸ್ ವೆಬ್‌ಸೈಟ್ ತೆಗೆದು ಮುಂದಿನ ತಾರೀಖು ಹೇಳಿ ಸುಮ್ಮನಾಗುವುದಿಲ್ಲ. ಕೇಸ್ ಹಿಸ್ಟರಿಗೆ ಹೋಗಿ ಹಿಂದಿನ ತಾರೀಖಿನ ಮೇಲೆ ಒತ್ತುತ್ತಾರೆ. ಅವತ್ತು ಏನಾಯಿತು ಅಂತ ಒಂದೆರಡು ಸಾಲು ಅಲ್ಲೇ ಇರುತ್ತದೆ: ಸಾಕ್ಷಿ ಬಂದಿಲ್ಲ, ಸಮನ್ಸ್ ಜಾರಿಯಾಗಿಲ್ಲ, ವಕೀಲರು ಸಮಯ ಕೇಳಿದರು, ಹೀಗೆ. ನನ್ನ ಪಕ್ಕದಲ್ಲಿದ್ದ ಕುಂದಗೋಳದ ಅಜ್ಜ ಗಾಬರಿಯಾಗಿ "ಕೇಸ್ ಬಿದ್ದು ಹೋತೇನ್ರೀ?" ಅಂತ ಕೇಳಿದರು. "ಇಲ್ರೀ ಯಜಮಾನ್ರ, ಡೇಟ್ ಅಷ್ಟ ಮುಂದ ಹೋಗೇತಿ. ವಜಾ ಆಗಿದ್ರ ಹಂಗಂತ ಬರದಿರತೈತಿ" ಅಂತ ಕಾಕಾ ಪರದೆಯನ್ನೇ ಅವರ ಕಡೆ ತಿರುಗಿಸಿದರು.

ಸಿವಿಲ್ ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಜಾಸ್ತಿ ಸಲ ಮುಂದೂಡಿಕೆ ಕೊಡಬಾರದು ಅಂತ ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 17ನೇ ಆದೇಶದಲ್ಲಿದೆ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಅನ್ನುವುದು ಕಾರಣವೇ ಅಲ್ಲ. (ಅದು ಎಷ್ಟು ನಡೆಯುತ್ತದೆ ಅಂತ ಕೋರ್ಟ್ ಮೆಟ್ಟಿಲು ಹತ್ತಿದವರಿಗೆ ಗೊತ್ತು ಅಲ್ವಾ.)

ಶಿಕ್ಷೆಯ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಜಾಸ್ತಿ. ಅಪರಾಧಿ ಅಂತ ತೀರ್ಪಾಗಿ, ಶಿಕ್ಷೆಗೆ ಬೇರೆ ದಿನ ಇಟ್ಟರೆ ಬಿಡುಗಡೆ ಆಯಿತು ಅಂತಲ್ಲ. ಎಷ್ಟು ಶಿಕ್ಷೆ ಅನ್ನುವ ಬಗ್ಗೆ ಅವನ ಮಾತನ್ನೂ ಕೇಳಬೇಕು, ಅದಕ್ಕೆ. 1958ರ ಪ್ರೊಬೇಷನ್ ಕಾಯ್ದೆಯಡಿ, ತಕ್ಷಣ ಶಿಕ್ಷೆ ಕೊಡದೆ, ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡು ಬಿಡುವುದು ಬೇರೆ: ಹೆಚ್ಚೆಂದರೆ ಮೂರು ವರ್ಷದ ಅವಧಿ, ಅಷ್ಟರಲ್ಲಿ ಷರತ್ತು ಮುರಿದರೆ ಕರೆಸಿ ಶಿಕ್ಷೆ ಕೊಡಬಹುದು. ಇನ್ನು ಅಪೀಲಿನಲ್ಲಿ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೆ, ಅಪರಾಧಿ ಅನ್ನುವ ತೀರ್ಪು ಅಷ್ಟರಿಂದಲೇ ಅಳಿಸಿ ಹೋಗುವುದಿಲ್ಲ. ಇಷ್ಟನ್ನೂ ಕಾಕಾ ಪ್ರಿಂಟ್ ಬರುವಷ್ಟರಲ್ಲಿ ಹೇಳಿ ಮುಗಿಸುತ್ತಾರೆ.

ಒಂದು ಸ್ಟಾರ್ ಕಡಿಮೆ ಯಾಕಂದ್ರೆ, ಕಾಕಾ ಆಗಾಗ ತಾವೇ ವಕೀಲರು ಅನ್ನೋ ಹಾಗೆ "ಗೆಲ್ತೀರಿ ಬಿಡ್ರಿ" ಅಂತ ಭರವಸೆ ಕೊಟ್ಟುಬಿಡುತ್ತಾರೆ. ಅದನ್ನು ನಂಬಿಕೊಂಡು ಬರಬೇಡಿ, ಸಲಹೆ ಬೇಕಾದರೆ ನಿಮ್ಮ ವಕೀಲರನ್ನೇ ಕೇಳಿ, ಇಲ್ಲವೇ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಧ್ಯಾಹ್ನ ಊಟದ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಬೆಳಿಗ್ಗೆ ಕೋರ್ಟ್ ಶುರುವಾಗುವ ಮುಂಚೆ ಹೋಗಿ, ಚಿಲ್ಲರೆ ಇಟ್ಟುಕೊಂಡು.